ಕರ್ಣಿಕಾ, ಐಡಾಬ್ಲೂ, ಕ್ರೌನ್ ಪ್ರಿನ್ಸೆಸ್: ಒಂದೇ ಹೆಸರಿನ ಎರಡು ಹಡಗನ್ನು ಬೇರ್ಪಡಿಸುವುದು ಹೇಗೆ?

ಪಟ್ಟಿಗಾರ:

ಗುಜರಾತಿನ ಅಲಂಗ್‌ನ ಅಂಗಳಗಳಲ್ಲಿ ಗುಜರಿಗಾಗಿ ಒಡೆದ ಕ್ರೂಸ್ ಹಡಗುಗಳ ಪಟ್ಟಿ ಮಾಡುತ್ತಿದ್ದೇನೆ. ಹಡಗಿನ ಕೊನೆಯ ಹೆಸರು, ಅದಕ್ಕೂ ಮುಂಚಿನ ಹೆಸರುಗಳು, ಕಟ್ಟಿದ ವರ್ಷ, ಟನ್ನೇಜ್ (ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ), ಇಷ್ಟೇ ಕಾಲಂ. ಮುಂಬೈಯಿಂದ ಓಡುತ್ತಿದ್ದ ಜಲೇಶ್ ಕಂಪನಿಯ ಕರ್ಣಿಕಾ ಹತ್ತಿರ ಬಂದಾಗ ಲೆಕ್ಕ ತಪ್ಪಿತು. ಅದರ ಹಳೆಯ ಹೆಸರುಗಳಲ್ಲಿ ಕ್ರೌನ್ ಪ್ರಿನ್ಸೆಸ್ ಇದೆ, ಐಡಾಬ್ಲೂ ಕೂಡ ಇದೆ. ಆದರೆ ಕ್ರೌನ್ ಪ್ರಿನ್ಸೆಸ್ ಈಗಲೂ ಓಡುತ್ತಿದೆ, ಐಡಾಬ್ಲೂವೂ ಓಡುತ್ತಿದೆ. 2020ರಲ್ಲಿ ಗುಜರಿಗೆ ಹೋದ ಹಡಗು ಇವತ್ತು ಟಿಕೆಟ್ ಮಾರುವುದು ಹೇಗೆ?

ಐಡಾಬ್ಲೂವಿನ ಟನ್ನೇಜ್ ಒಂದು ಕಡೆ 70,285, ಇನ್ನೊಂದು ಕಡೆ 71,304 ಅಂತ ಸಿಕ್ಕಿತು. ಅಳತೆಯಲ್ಲಿ ಏನೋ ಹೆಚ್ಚುಕಮ್ಮಿ ಇರಬೇಕು ಅಂದುಕೊಂಡು ಎರಡನ್ನೂ ಒಂದೇ ಸಾಲಿಗೆ ಹಾಕಿಬಿಟ್ಟಿದ್ದೆ. ಈಗ ಪಟ್ಟಿಯ ಉಳಿದ ಸಾಲುಗಳ ಮೇಲೂ ಅನುಮಾನ ಬಂದಿದೆ.

ಒಂದೇ ಹೆಸರನ್ನು ಎರಡು ಹಡಗಿಗೆ ಇಡಲು ಯಾರಾದರೂ ಹೇಗೆ ಬಿಡುತ್ತಾರೆ? ಬೇರ್ಪಡಿಸಲು ಯಾವುದನ್ನು ನಂಬಬೇಕು? ಕೈಯಲ್ಲಿ ಬರೀ ಫೋಟೋ ಇದ್ದರೆ ಏನು ನೋಡಬೇಕು?

ಹಳೇಲಂಗರು:

ಅಳತೆಯ ಹೆಚ್ಚುಕಮ್ಮಿ ಅಲ್ಲ ಸರ್, ಅವು ಎರಡು ಬೇರೆ ಹಡಗು. ಟನ್ನೇಜ್ ಹತ್ತಿರ ಹತ್ತಿರ ಬಂದಿರುವುದು ಕಾಕತಾಳೀಯ. ಈ ಜೋಡಿಯಲ್ಲಿ ಬಹಳ ಜನ ಎಡವುವುದೇ ಅಲ್ಲಿ.

ಕರ್ಣಿಕಾ ತಯಾರಾದದ್ದು ಇಟಲಿಯ ಮೊನ್‌ಫಾಲ್ಕೋನೆಯಲ್ಲಿರುವ ಫಿಂಕಾಂಟಿಯೇರಿ ಯಾರ್ಡಿನಲ್ಲಿ. ಆರ್ಡರ್ ಕೊಟ್ಟಿದ್ದು ಸಿಟ್ಮಾರ್ ಕಂಪನಿ. 1988ರಲ್ಲಿ ಸಿಟ್ಮಾರನ್ನು ಬ್ರಿಟನ್ನಿನ ಹಡಗು ಕಂಪನಿ ಪಿ ಅಂಡ್ ಓ ಕೊಂಡುಕೊಂಡಿತು, ಹಾಗಾಗಿ 1990ರಲ್ಲಿ ಹಡಗು ಹೊರಬಂದಾಗ ಅದರ ಪ್ರಿನ್ಸೆಸ್ ಬಳಗಕ್ಕೆ ಸೇರಿ ಕ್ರೌನ್ ಪ್ರಿನ್ಸೆಸ್ ಆಯಿತು. 2002ರಲ್ಲಿ ಜರ್ಮನ್ ಪ್ರಯಾಣಿಕರಿಗಾಗಿ ಅರೋಸಾ ಬ್ಲೂ, 2004ರಲ್ಲಿ ಐಡಾಬ್ಲೂ, 2007ರಲ್ಲಿ ಓಷನ್ ವಿಲೇಜ್ ಟೂ, 2009ರಲ್ಲಿ ಪೆಸಿಫಿಕ್ ಜ್ಯುವೆಲ್, 2019ರಲ್ಲಿ ಕರ್ಣಿಕಾ. 30 ವರ್ಷಕ್ಕೆ 6 ಹೆಸರು. ಉದ್ದ 245 ಮೀಟರ್, ಟನ್ನೇಜ್ 70,285, ಐಎಂಒ ಸಂಖ್ಯೆ (ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಪದ್ಧತಿಯಲ್ಲಿ ಪ್ರತಿ ಹಡಗಿಗೆ ಕೊಡುವ ಗುರುತು) 8521220.

ಈಗ ಓಡುತ್ತಿರುವ ಐಡಾಬ್ಲೂ ಜರ್ಮನಿಯ ಪಾಪೆನ್‌ಬುರ್ಗ್‌ನ ಮೇಯರ್ ಯಾರ್ಡಿನದು. 2010ರದು, 253 ಮೀಟರ್, 71,304 ಟನ್ನೇಜ್, ಐಎಂಒ 9398888. ಈಗಿನ ಕ್ರೌನ್ ಪ್ರಿನ್ಸೆಸ್ 2006ರದು, 1,13,561 ಟನ್ನೇಜ್, ಐಎಂಒ 9293399. ಎರಡನೆಯದನ್ನು ಗಾತ್ರದಲ್ಲೇ ಹಿಡಿಯಬಹುದು. ಐಡಾಬ್ಲೂಗಳ ವಿಷಯದಲ್ಲಿ ಮಾತ್ರ ಉದ್ದ, ಟನ್ನೇಜ್ ಎರಡೂ ಕೈಕೊಡುತ್ತವೆ. ಸಂಖ್ಯೆಯನ್ನೇ ನೋಡಬೇಕು.

ಆ ಸಂಖ್ಯೆ ಗಾಡಿಯ ಚಾಸಿ ನಂಬರ್ ಇದ್ದ ಹಾಗೆ. ಬೇರೆ ರಾಜ್ಯಕ್ಕೆ ಹೋದರೆ ಪ್ಲೇಟಿನ ನಂಬರ್ ಬದಲಾದೀತು, ಮಾಲೀಕರು ಬದಲಾಗಬಹುದು, ಬಣ್ಣ ಬದಲಾಗಬಹುದು, ಚಾಸಿ ನಂಬರ್ ಅದೇ. ಹಡಗಿಗೂ ಅಷ್ಟೇ: ಹೆಸರು, ಧ್ವಜ (ಅಂದರೆ ನೋಂದಣಿಯ ದೇಶ), ನೋಂದಣಿ ಬಂದರು, ಕಾಲ್ ಸೈನ್ (ರೇಡಿಯೊದಲ್ಲಿ ಕರೆಯುವ ಸಂಕೇತ) ಏನೇ ಬದಲಾದರೂ ಐಎಂಒ ಸಂಖ್ಯೆ ಬದಲಾಗುವುದಿಲ್ಲ. ಹಡಗು ಒಡೆದ ಮೇಲೂ ಅದನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಈ ಪದ್ಧತಿಯನ್ನು 1987ರಲ್ಲಿ ತಂದಿತು, 1996ರ ಜನವರಿ 1ರಿಂದ ಕಡ್ಡಾಯವಾಯಿತು. 100 ಟನ್ನೇಜ್ ಮೇಲಿನ ಪ್ರಯಾಣಿಕ ಹಡಗು, 300 ಮೇಲಿನ ಸರಕು ಹಡಗು ಎಲ್ಲಕ್ಕೂ ಇದೆ. ಹಾಗಾದರೆ 1967ರಲ್ಲಿ ನೀರಿಗಿಳಿದ ಕ್ವೀನ್ ಎಲಿಜಬೆತ್ 2ಗೆ 6725418 ಎಲ್ಲಿಂದ ಬಂತು ಅಂತ ಕೇಳಬಹುದು. ಅದಕ್ಕೂ ಮುಂಚೆ ಹಡಗುಗಳ ದಾಖಲೆ ಇಡುವ ಬ್ರಿಟಿಷ್ ಸಂಸ್ಥೆ ಲಾಯ್ಡ್ಸ್ ರಿಜಿಸ್ಟರ್ ಕೊಡುತ್ತಿದ್ದ ಸಂಖ್ಯೆಯನ್ನೇ ಐಎಂಒ ಸಂಖ್ಯೆಯಾಗಿ ಮುಂದುವರಿಸಿದರು.

ಎಲ್ಲಿಂದಲೋ ನಕಲು ಮಾಡಿಕೊಂಡ ಸಂಖ್ಯೆ ಸರಿಯಿದೆಯೇ ಅಂತ ಮನೆಯಲ್ಲೇ ನೋಡಬಹುದು. 7 ಅಂಕಿಯಲ್ಲಿ ಕೊನೆಯದು ತಾಳೆಯ ಅಂಕಿ. ಮೊದಲ ಆರನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿ. ಮೊತ್ತದ ಕೊನೆಯ ಅಂಕಿ ಏಳನೆಯ ಅಂಕಿಗೆ ಸಮ ಬರಬೇಕು. ಕರ್ಣಿಕಾಕ್ಕೆ: 8×7=56, 5×6=30, 2×5=10, 1×4=4, 2×3=6, 2×2=4. ಒಟ್ಟು 110. ಕೊನೆಗೆ 0, ಸಂಖ್ಯೆಯ ಕೊನೆಯಲ್ಲೂ 0. ಎಕ್ಸೆಲ್‌ನಲ್ಲಿ ಒಂದು ಸೂತ್ರ ಬರೆದಿಟ್ಟರೆ ಪಟ್ಟಿ ಪೂರ್ತಿ ಒಮ್ಮೆಗೇ ತಾಳೆಯಾಗುತ್ತದೆ.

ಜೋಡಿ ಹಡಗುಗಳನ್ನು, ಅಂದರೆ ಒಂದೇ ಅಚ್ಚಿನಲ್ಲಿ ಕಟ್ಟಿದವನ್ನು, ಹುಡುಕುವುದಕ್ಕೂ ಇದು ಉಪಯೋಗ. ಕರ್ಣಿಕಾದ ಜೋಡಿ 1991ರ ರೀಗಲ್ ಪ್ರಿನ್ಸೆಸ್, ಸಂಖ್ಯೆ 8521232. ತಾಳೆಯ ಅಂಕಿ ತೆಗೆದು ನೋಡಿ: 852122, 852123. ಪಕ್ಕಪಕ್ಕದ ಮನೆ. ಅದು ಮುಂದೆ ಪೆಸಿಫಿಕ್ ಡಾನ್ ಆಗಿ, 2020ರಲ್ಲಿ ಸ್ವಲ್ಪ ಕಾಲ ಸತೋಷಿ ಅನ್ನಿಸಿಕೊಂಡು, ಈಗ ಆಂಬಿಯೆನ್ಸ್ ಆಗಿದೆ. ರೀಗಲ್ ಪ್ರಿನ್ಸೆಸ್ ಅನ್ನುವ ಹೆಸರು 2014ರಲ್ಲಿ ಬೇರೊಂದು ದೊಡ್ಡ ಹಡಗಿಗೆ ಹೋಯಿತು.

ಧ್ವಜಕಂಬ:

"ಯಾರಾದರೂ ಹೇಗೆ ಬಿಡುತ್ತಾರೆ" ಅನ್ನುವ ಪ್ರಶ್ನೆಗೆ: ತಡೆಯುವವರು ಯಾರೂ ಇಲ್ಲ. ಇಡೀ ಜಗತ್ತಿಗೆ ಒಂದೇ ಹೆಸರಿನ ರಿಜಿಸ್ಟರ್ ಅಂತ ಇಲ್ಲವೇ ಇಲ್ಲ. ಹೆಸರಿಗೆ ಒಪ್ಪಿಗೆ ಕೊಡುವುದು ಆಯಾ ಧ್ವಜದ ದೇಶ, ಅದು ನೋಡುವುದು ತನ್ನ ಪುಸ್ತಕವನ್ನು ಮಾತ್ರ. ಬ್ರಿಟಿಷ್ ನೋಂದಣಿಯಲ್ಲಿ ಈಗಾಗಲೇ ಇರುವ ಹೆಸರನ್ನೋ ಮೋಸಹೋಗುವಷ್ಟು ಹೋಲುವ ಹೆಸರನ್ನೋ ಇನ್ನೊಂದು ವಾಣಿಜ್ಯ ಹಡಗಿಗೆ ಕೊಡುವುದಿಲ್ಲ. ಅದೇ ಹೆಸರು ಬಹಾಮಾಸ್‌ನಲ್ಲೋ ಲೈಬೀರಿಯಾದಲ್ಲೋ ಇದ್ದರೆ ಬ್ರಿಟನ್ನಿಗೆ ಸಂಬಂಧವಿಲ್ಲ.

ಈ ನಿಯಮ ಕಚ್ಚಿದ ಒಳ್ಳೆಯ ಉದಾಹರಣೆ ಕ್ವೀನ್ ಮೇರಿ. 1930ರ ದಶಕದಲ್ಲಿ ಬ್ರಿಟನ್ನಿನ ಹಡಗು ಕಂಪನಿ ಕ್ಯುನಾರ್ಡ್ ತನ್ನ ದೊಡ್ಡ ಹಡಗಿಗೆ ಆ ಹೆಸರು ಇಡಲು ಹೊರಟಾಗ ಸ್ಕಾಟ್ಲೆಂಡಿನ ಕ್ಲೈಡ್ ನದಿಯಲ್ಲಿ 1933ರ ಒಂದು ಪ್ರವಾಸಿ ಸ್ಟೀಮರ್ ಆಗಲೇ ಕ್ವೀನ್ ಮೇರಿ ಆಗಿತ್ತು. ಸ್ಟೀಮರಿನ ಮಾಲೀಕರು ಒಪ್ಪಿ 1935ರಲ್ಲಿ ತಮ್ಮದನ್ನು ಕ್ವೀನ್ ಮೇರಿ ದ ಸೆಕೆಂಡ್ ಅಂತ ಬದಲಿಸಿದರು. ಮೊದಲು ಹುಟ್ಟಿದವಳೇ ಎರಡನೆಯವಳಾದಳು! ದೊಡ್ಡ ಹಡಗು 1967ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ಗೆ ಹೋಗಿ ನಿಂತಿತು, 1976ರಲ್ಲಿ ಸ್ಟೀಮರಿಗೆ ಹಳೆಯ ಹೆಸರು ವಾಪಸ್ ಸಿಕ್ಕಿತು. 2004ರ ಕ್ವೀನ್ ಮೇರಿ 2 ಇವೆರಡೂ ಅಲ್ಲದ ಮೂರನೆಯದು.

ಬೇರೆ ಬೇರೆ ಧ್ವಜ ಇದ್ದರೆ ಒಂದೇ ಹೆಸರು ಒಂದೇ ಕಾಲದಲ್ಲಿ ಓಡಬಹುದು ಅನ್ನುವುದಕ್ಕೆ ಎಕ್ಸ್‌ಪ್ಲೋರರ್ ನೋಡಿ. 2007ರ ನವೆಂಬರ್ 23ರಂದು ಅಂಟಾರ್ಕ್ಟಿಕದ ಸೌತ್ ಶೆಟ್‌ಲ್ಯಾಂಡ್ ದ್ವೀಪಗಳ ಬಳಿ ಮುಳುಗಿದ ಎಕ್ಸ್‌ಪ್ಲೋರರ್ 1969ರ ಪುಟ್ಟ ಹಡಗು, ಸುಮಾರು 2,400 ಟನ್ನೇಜ್, ಲೈಬೀರಿಯಾ ಧ್ವಜ, ಐಎಂಒ 6924959. ಹಡಗಿನಲ್ಲಿದ್ದ 154 ಜನರೂ ಬದುಕಿದರು. ಅದೇ ಹೊತ್ತಿಗೆ ಕಾಲೇಜು ವಿದ್ಯಾರ್ಥಿಗಳನ್ನು ಹೊತ್ತು ಜಗತ್ತು ಸುತ್ತುತ್ತಿದ್ದ ಸೆಮೆಸ್ಟರ್ ಅಟ್ ಸೀ ಕಾರ್ಯಕ್ರಮದ ಹಡಗೂ ಎಕ್ಸ್‌ಪ್ಲೋರರ್. ಅದು ಬಹಾಮಾಸ್ ಧ್ವಜದ್ದು, ಸುಮಾರು 24,000 ಟನ್ನೇಜ್, ಐಎಂಒ 9183518. ಗಾತ್ರದಲ್ಲಿ ಹತ್ತು ಪಟ್ಟು ವ್ಯತ್ಯಾಸ, ಹೆಸರಿನಲ್ಲಿ ಒಂದಕ್ಷರದ್ದೂ ಇಲ್ಲ. 2007ರ ಸುದ್ದಿಗಳನ್ನು ಬರೀ ಹೆಸರಿನಿಂದ ಹುಡುಕಿದರೆ ಎರಡೂ ಕಲಸುಮೇಲೋಗರ.

ಈ ಎರಡನೆಯ ಹಡಗಿನ ಹಳೆಯ ಹೆಸರಿನಲ್ಲೂ ಒಂದು ಪಾಠವಿದೆ. ಗ್ರೀಕ್ ಕಂಪನಿಯೊಂದು ಅದನ್ನು ಒಲಿಂಪಿಕ್ ಎಕ್ಸ್‌ಪ್ಲೋರರ್ ಅಂತ ಕಟ್ಟಿಸಿತ್ತು. ಒಲಿಂಪಿಕ್ ಪದದ ಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ತಕರಾರು ಎತ್ತಿದ್ದರಿಂದ ಒಲಿಂಪಿಯಾ ಎಕ್ಸ್‌ಪ್ಲೋರರ್ ಮಾಡಬೇಕಾಯಿತು. ನೋಂದಣಿ ಕಚೇರಿ ಬಿಟ್ಟರೂ ಟ್ರೇಡ್‌ಮಾರ್ಕ್ ಬಿಡುವುದಿಲ್ಲ. ಹಡಗು ಮಾರುವಾಗ ಬ್ರ್ಯಾಂಡ್ ಪದವಿರುವ ಹೆಸರನ್ನು ಕೊಂಡವರು ಕೈಬಿಡಬೇಕಾಗುವುದೂ ಇದೇ ಕಾರಣಕ್ಕೆ. ಹಡಗು ಮಾರುತ್ತಾರೆ, ಹೆಸರು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವಂತೆ ಆಮೇಲೆ ಹುಟ್ಟಿದ್ದಕ್ಕೆ ಇಡುತ್ತಾರೆ.

ಪಟ್ಟಿಗಾರ:

ತುಂಬಾ ಉಪಕಾರವಾಯಿತು. ಸೂತ್ರ ಹಾಕಿ ನೋಡಿದೆ, ನನ್ನ ಪಟ್ಟಿಯಲ್ಲಿ ಮೂರು ಸಂಖ್ಯೆ ತಪ್ಪಿದ್ದವು. ಎರಡರಲ್ಲಿ ಅಂಕಿ ಅದಲುಬದಲಾಗಿತ್ತು, ಇನ್ನೊಂದರಲ್ಲಿ ಹಡಗಿನ ಸಂಖ್ಯೆಯ ಜಾಗದಲ್ಲಿ ಬೇರೆಯದೇ 7 ಅಂಕಿ ಕೂತಿತ್ತು.

ಮತ್ತೊಂದು ಪ್ರಶ್ನೆ. ರಾಯಲ್ ಪ್ರಿನ್ಸೆಸ್ ಬಗ್ಗೆ ಓದುವಾಗ "ಎಲ್ಲಾ ಕ್ಯಾಬಿನ್‌ಗೂ ಕಿಟಕಿ ಇದೆ" ಅಂತ ಒಂದು ಬರಹ, "350 ಕ್ಯಾಬಿನ್‌ನ ಸಣ್ಣ ಹಡಗು" ಅಂತ ಇನ್ನೊಂದು, "ದೈತ್ಯ ಹಡಗು" ಅಂತ ಮತ್ತೊಂದು. ಇಲ್ಲೂ ಎರಡಿವೆಯೇ?

ಕಡಲಕಾಗೆ:

ಎರಡಲ್ಲ, ಮೂರು. ಮೂರು ಬರಹವೂ ಅವರವರ ಕಾಲಕ್ಕೆ ಸರಿಯೇ.

ಮೊದಲನೆಯದು 1984. ಹೆಲ್ಸಿಂಕಿಯ ವಾರ್ಟ್ಸಿಲಾ ಯಾರ್ಡ್, ಸೌತಾಂಪ್ಟನ್‌ನಲ್ಲಿ ರಾಜಕುಮಾರಿ ಡಯಾನಾ ನಾಮಕರಣ ಮಾಡಿದ್ದು. 600 ಕ್ಯಾಬಿನ್, ಒಂದೂ ಒಳಗಡೆಯದಲ್ಲ, ಎಲ್ಲಕ್ಕೂ ಕಿಟಕಿ. ಆ ಕಾಲಕ್ಕೆ ದೊಡ್ಡ ಸುದ್ದಿ. ಐಎಂಒ 8201480. 2005ರಲ್ಲಿ ಪಿ ಅಂಡ್ ಓಗೆ ಹೋಗಿ ಆರ್ಟೆಮಿಸ್, 2011ರಿಂದ ಜರ್ಮನಿಯ ಫೀನಿಕ್ಸ್ ರೈಸನ್ ಬಳಿ ಆರ್ಟಾನಿಯಾ.

ಎರಡನೆಯದು 2007ರಿಂದ 2011ರವರೆಗೆ ಮಾತ್ರ. ರೆನೆಸಾನ್ಸ್ ಕಂಪನಿ ಆರ್ ವನ್‌ನಿಂದ ಆರ್ ಎಯ್ಟ್‌ವರೆಗೆ ಕಟ್ಟಿಸಿದ ಎಂಟು ಒಂದೇ ಅಚ್ಚಿನ ಹಡಗುಗಳಲ್ಲಿ ಕೊನೆಯದು, ಆರ್ ಎಯ್ಟ್. 2001ರದು, 30,277 ಟನ್ನೇಜ್, ಐಎಂಒ 9210220. ಮಿನರ್ವಾ ಟೂ ಆಗಿ, ರಾಯಲ್ ಪ್ರಿನ್ಸೆಸ್ ಆಗಿ, ಅಡೋನಿಯಾ ಆಗಿ, 2018ರಿಂದ ಅಜಮಾರಾ ಪರ್ಸ್ಯೂಟ್.

ಮೂರನೆಯದು 2013ರದು, ಮೊನ್‌ಫಾಲ್ಕೋನೆ. ನಾಮಕರಣ ಮತ್ತೆ ಸೌತಾಂಪ್ಟನ್‌ನಲ್ಲೇ, ಈ ಸಲ ಕೇಂಬ್ರಿಜ್‌ನ ಡಚೆಸ್ ಕ್ಯಾಥರೀನ್ ಕೈಯಿಂದ. 1,42,714 ಟನ್ನೇಜ್, 1,780 ಕ್ಯಾಬಿನ್, ಐಎಂಒ 9584712.

ಹಾಗಾಗಿ ರಾಯಲ್ ಪ್ರಿನ್ಸೆಸ್ ಅನ್ನುವ ಹೆಸರಿನಲ್ಲಿ ಡೆಕ್ ನಕ್ಷೆ, ಕ್ಯಾಬಿನ್ ಸಂಖ್ಯೆ, ವಿಮರ್ಶೆ ಏನೇ ಸಿಕ್ಕಿದರೂ ಮೊದಲು ದಿನಾಂಕ ನೋಡಿ. ಹಳೆಯ ನಕ್ಷೆ ನೋಡಿ ಲಿಫ್ಟ್ ಹತ್ತಿರದ ಕ್ಯಾಬಿನ್ ಆರಿಸಿದರೆ ಹೊಸ ಹಡಗಿನಲ್ಲಿ ಆ ಸಂಖ್ಯೆಯೇ ಇರಲಿಕ್ಕಿಲ್ಲ. ಅಪಘಾತದ ಸುದ್ದಿಯಲ್ಲೂ ಹೀಗೇ. 2006ರ ಮಾರ್ಚ್‌ನಲ್ಲಿ ಜಮೈಕಾ ಹತ್ತಿರ ಬೆಂಕಿ ಬಿದ್ದದ್ದು 2002ರ ಸ್ಟಾರ್ ಪ್ರಿನ್ಸೆಸ್‌ಗೆ, ಐಎಂಒ 9192363. ಅದು ಆಮೇಲೆ ಪೆಸಿಫಿಕ್ ಎನ್ಕೌಂಟರ್ ಆಯಿತು. 2025ರಲ್ಲಿ ಬಂದ ಸ್ಟಾರ್ ಪ್ರಿನ್ಸೆಸ್‌ಗೂ ಆ ಬೆಂಕಿಗೂ ಸಂಬಂಧವಿಲ್ಲ.

ನಿಮ್ಮ ಅಲಂಗ್ ಪಟ್ಟಿಗೆ ಬೇಕಾದ್ದು 2002ರದ್ದೂ ಅಲ್ಲ, ಅದಕ್ಕೂ ಹಿಂದಿನ ಸ್ಟಾರ್ ಪ್ರಿನ್ಸೆಸ್, 1989ರದು, ಐಎಂಒ 8611398. ಇದೂ ಸಿಟ್ಮಾರ್ ಬಸಿರಲ್ಲಿದ್ದಾಗಲೇ ಪಿ ಅಂಡ್ ಓ ಪಾಲಾದದ್ದು. ಸಿಟ್ಮಾರ್ ಇಡಬೇಕೆಂದಿದ್ದ ಹೆಸರು ಫೇರ್‌ಮೆಜೆಸ್ಟಿ. 1997ರಲ್ಲಿ ಆರ್ಕೇಡಿಯಾ, 2003ರಲ್ಲಿ ಓಷನ್ ವಿಲೇಜ್, 2010ರಲ್ಲಿ ಪೆಸಿಫಿಕ್ ಪರ್ಲ್, 2017ರಲ್ಲಿ ಕೊಲಂಬಸ್, 2021ರಲ್ಲಿ ಅಲಂಗ್. ಇಲ್ಲಿ ಗಂಟು ಇನ್ನೂ ಬಿಗಿ, ಏಕೆಂದರೆ ಆರ್ಕೇಡಿಯಾ ಹೆಸರೂ ಮರುಬಳಕೆಯದೇ. ಪಿ ಅಂಡ್ ಓ ಬಳಿ 1954ರದೊಂದು ಆರ್ಕೇಡಿಯಾ ಇತ್ತು, 2005ರಲ್ಲಿ ಮತ್ತೊಂದು ಬಂತು, ಐಎಂಒ 9226906. ಆ 2005ರದ್ದನ್ನು ಮೊದಲು ಕ್ಯುನಾರ್ಡ್‌ನ ಕ್ವೀನ್ ವಿಕ್ಟೋರಿಯಾ ಮಾಡಬೇಕೆಂದಿದ್ದರು. ಕಟ್ಟುತ್ತಿರುವಾಗಲೇ ಯೋಜನೆ ಬದಲಾಯಿತು. ನಿಜವಾದ ಕ್ವೀನ್ ವಿಕ್ಟೋರಿಯಾ ಬಂದದ್ದು 2007ರಲ್ಲಿ, ಐಎಂಒ 9320556. ಹಾಗಾಗಿ 2003ರ ಸುಮಾರಿನ ಪತ್ರಿಕೆಗಳಲ್ಲಿ ಕ್ವೀನ್ ವಿಕ್ಟೋರಿಯಾ ಅಂತ ಓದಿದರೆ ಅದು ಇವತ್ತಿನ ಆರ್ಕೇಡಿಯಾ.

ಅಲಂಗ್‌ಗೆ ಬಂದವರಲ್ಲಿ ಹೆಸರು ಮತ್ತೆ ಹುಟ್ಟಿದ ಇನ್ನೂ ಮೂರು, ಬೇಗ ಹೇಳಿಬಿಡುತ್ತೇನೆ. 1961ರ ಎಂಪ್ರೆಸ್ ಆಫ್ ಕೆನಡಾ 1972ರಲ್ಲಿ ಕಾರ್ನಿವಲ್ ಕಂಪನಿಯ ಮೊದಲ ಹಡಗು ಮಾರ್ಡಿ ಗ್ರಾ ಆಯಿತು, ಅಪೊಲ್ಲಾನ್ ಹೆಸರಿನಲ್ಲಿ 2003ರಲ್ಲಿ ಒಡೆಯಿತು. ಹೊಸ ಮಾರ್ಡಿ ಗ್ರಾ 2020ರದು. 1987ರ ಸೆಲೆಬ್ರೇಶನ್ ಗ್ರ್ಯಾಂಡ್ ಸೆಲೆಬ್ರೇಶನ್ ಆಗಿ 2021ರಲ್ಲಿ ಬಂತು. 2022ರ ಕಾರ್ನಿವಲ್ ಸೆಲೆಬ್ರೇಶನ್ ಬೇರೆ. 1972ರ ಐಲ್ಯಾಂಡ್ ಪ್ರಿನ್ಸೆಸ್ ಡಿಸ್ಕವರಿ ಆಗಿ 2014ರಲ್ಲಿ ಬಂತು. ಈಗ ಓಡುತ್ತಿರುವ ಐಲ್ಯಾಂಡ್ ಪ್ರಿನ್ಸೆಸ್ 2003ರದು, 9230402.

ಹಳೇಲಂಗರು:

ಪಟ್ಟಿಗಾರರಿಗೆ: ಜಾಗ ತಪ್ಪಿ ಕೂತ ಆ 7 ಅಂಕಿ ಬಹುಶಃ ಕಂಪನಿ ಸಂಖ್ಯೆ. ಹಡಗಿನ ಮಾಲೀಕ ಕಂಪನಿಗೂ ನಿರ್ವಹಿಸುವ ಕಂಪನಿಗೂ ಐಎಂಒ ಪದ್ಧತಿಯಲ್ಲಿ ಬೇರೆ ಸಂಖ್ಯೆ ಕೊಡುತ್ತಾರೆ, ಅದೂ 7 ಅಂಕಿ. ಒಂದೇ ಕಡತದಲ್ಲಿ ಎರಡೂ ಇರುವುದರಿಂದ ತಪ್ಪುವುದು ಸುಲಭ.

ತಾಳೆಯ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಅದು ಖಂಡಿತ ಹಿಡಿಯುತ್ತದೆ. ಒಂದೇ ಅಂಕಿ ತಪ್ಪಾದರೆ ಕೆಲವೊಮ್ಮೆ ನುಸುಳುತ್ತದೆ. ಮೂರನೆಯ ಅಂಕಿಯನ್ನು 5ರಿಂದ ಗುಣಿಸುತ್ತೇವಲ್ಲ, ಅಲ್ಲಿ 2ರ ಬದಲು 4 ಅಥವಾ 6 ಬರೆದರೂ ಮೊತ್ತದ ಕೊನೆಯ ಅಂಕಿ ಬದಲಾಗುವುದಿಲ್ಲ. 8541220 ಅಂತ ತಪ್ಪು ಬರೆದರೂ ಸೂತ್ರ "ಸರಿ" ಅನ್ನುತ್ತದೆ.

ಇನ್ನೊಂದು ಸುಳಿವು, ಹಳೆಯ ಹಡಗುಗಳಿಗೆ ಮಾತ್ರ. 1980ರ ದಶಕದ ಕೊನೆಯವರೆಗಿನ ಸಂಖ್ಯೆಗಳಲ್ಲಿ ಮೊದಲ ಎರಡು ಅಂಕಿ ಸಂಖ್ಯೆ ಕೊಟ್ಟ ವರ್ಷವನ್ನು ಸುಮಾರಾಗಿ ತೋರಿಸುತ್ತವೆ: 67, 69, 82, 85, 86. ಕಟ್ಟಿ ಮುಗಿದ ವರ್ಷವಲ್ಲ. 9ರಿಂದ ಶುರುವಾಗುವುದಕ್ಕೆ ಈ ಲೆಕ್ಕ ಹಾಕಬಾರದು, ಅಲ್ಲಿಂದ ಮುಂದೆ ಬರೀ ಕ್ರಮಸಂಖ್ಯೆ.

ಬಂದರುಬದಿ:

ಫೋಟೋ ಪ್ರಶ್ನೆ ಬಾಕಿ ಉಳಿದಿದೆ, ಅದಕ್ಕೆ ನಾನು.

ಹಡಗಿನ ಹಿಂಬದಿಯ ಫೋಟೋ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಮೂತಿಯಲ್ಲಿ ಹೆಸರು ಮಾತ್ರ ಇರುತ್ತದೆ. ಹಿಂಬದಿಯಲ್ಲಿ ಹೆಸರು, ಅದರ ಕೆಳಗೆ ನೋಂದಣಿ ಬಂದರು. ನಸಾವು ಅಂದರೆ ಬಹಾಮಾಸ್, ಹ್ಯಾಮಿಲ್ಟನ್ ಅಂದರೆ ಬರ್ಮುಡಾ, ವಲ್ಲೆಟ್ಟಾ ಅಂದರೆ ಮಾಲ್ಟಾ, ಜೆನೋವಾ ಅಂದರೆ ಇಟಲಿ. ಬಂದರಿನ ಹೆಸರೇ ಫೋಟೋದ ಕಾಲವನ್ನೂ ಹೇಳಬಹುದು. ಕ್ಯುನಾರ್ಡ್ 2011ರಲ್ಲಿ ತನ್ನ ಮೂರೂ ಹಡಗನ್ನು ಸೌತಾಂಪ್ಟನ್‌ನಿಂದ ಹ್ಯಾಮಿಲ್ಟನ್‌ಗೆ ಬದಲಿಸಿತು, ಹಡಗಿನ ಮೇಲೆ ಮದುವೆ ಮಾಡಿಸುವ ಅನುಕೂಲವೂ ಅದರಲ್ಲಿತ್ತು. ಹಾಗಾಗಿ ಕ್ವೀನ್ ಎಲಿಜಬೆತ್ ಹಿಂಬದಿಯಲ್ಲಿ ಹ್ಯಾಮಿಲ್ಟನ್ ಇದ್ದರೆ ಅದು 2010ರ ಹಡಗೇ, 9477438, ಫೋಟೋ 2011ರ ನಂತರದ್ದೇ. 1938ರದ್ದು ಹಾಂಗ್‌ಕಾಂಗ್‌ನಲ್ಲಿ 1972ರಲ್ಲೇ ಸುಟ್ಟುಹೋಯಿತು, ಅದೂ ಸೀವೈಸ್ ಯೂನಿವರ್ಸಿಟಿ ಅನ್ನುವ ಹೆಸರಿನಲ್ಲಿ.

ಐಎಂಒ ಸಂಖ್ಯೆಯನ್ನು ಒಡಲ ಮೇಲೆ ಅಳಿಸಲಾಗದಂತೆ ಬರೆಯಬೇಕು ಅನ್ನುವ ನಿಯಮ 2004ರ ಜುಲೈ 1ರಿಂದ ಜಾರಿ. ಅಕ್ಷರದ ಎತ್ತರ ಹೊರಗಡೆ ಕನಿಷ್ಠ 200 ಮಿಲಿಮೀಟರ್, ಒಳಗಡೆ 100. ಉಬ್ಬಿಸಿರಬೇಕು, ಕೊರೆದಿರಬೇಕು ಅಥವಾ ಪಂಚ್ ಹೊಡೆದಿರಬೇಕು. ಬರೀ ಬಣ್ಣ ನಡೆಯುವುದಿಲ್ಲ. ಪ್ರಯಾಣಿಕ ಹಡಗಿಗೆ ಇನ್ನೊಂದು ಹೆಚ್ಚುವರಿ: ಆಕಾಶದಿಂದ ಕಾಣುವಂತೆ ಸಮತಟ್ಟಾದ ಜಾಗದಲ್ಲೂ ಸಂಖ್ಯೆ ಇರಬೇಕು. ಡ್ರೋನ್ ಚಿತ್ರ ಸಿಕ್ಕರೆ ಮೇಲಿನ ಡೆಕ್ಕನ್ನು ದೊಡ್ಡದು ಮಾಡಿ ನೋಡಿ. 2004ಕ್ಕೂ ಮುಂಚಿನ ಫೋಟೋದಲ್ಲಿ ಮಾತ್ರ ಇದನ್ನು ನಿರೀಕ್ಷಿಸಬೇಡಿ.

ಹೆಸರು ಬದಲಾದ ಹಡಗಿನಲ್ಲಿ ಹಳೆಯ ಹೆಸರು ಪೂರ್ತಿ ಹೋಗುವುದು ಅಪರೂಪ. ದೊಡ್ಡ ಅಕ್ಷರಗಳ ಅಂಚನ್ನು ವೆಲ್ಡಿಂಗ್ ಗೆರೆಯಿಂದ ಎಳೆದಿರುತ್ತಾರೆ, ಮುಂದಿನ ಸಲ ಬಣ್ಣ ಹಚ್ಚುವವರಿಗೆ ಸುಲಭವಾಗಲಿ ಅಂತ. ಉಜ್ಜಿ ತೆಗೆದರೂ ಓರೆ ಬಿಸಿಲಿನಲ್ಲಿ ಗುರುತು ಎದ್ದು ಕಾಣುತ್ತದೆ. ಬೆಳಿಗ್ಗೆ ಅಥವಾ ಸಂಜೆ ತೆಗೆದ ಫೋಟೋ ಹುಡುಕಿ, ನಡುಮಧ್ಯಾಹ್ನದ್ದು ಪ್ರಯೋಜನವಿಲ್ಲ. ಲೈಫ್‌ಬೋಟ್, ಲೈಫ್‌ಬಾಯ್ (ನೀರಿಗೆ ಬಿದ್ದವರಿಗೆ ಎಸೆಯುವ ತೇಲುಬಳೆ) ಮೇಲೂ ಹಡಗಿನ ಹೆಸರು ಮತ್ತು ಬಂದರು ಬರೆದಿರಲೇಬೇಕು. ಒಡೆಯುವ ಅಂಗಳಕ್ಕೆ ಕೊನೆಯ ಪ್ರಯಾಣ ಹೋಗುವಾಗ ಒಡಲಿನ ಹೆಸರಿನ ಒಂದೆರಡು ಅಕ್ಷರಕ್ಕೆ ಬಣ್ಣ ಬಳಿದು ಚುಟುಕು ಹೆಸರು ಮಾಡುತ್ತಾರೆ. ಅಟ್ಲಾಂಟಿಕ್ ಸ್ಟಾರ್ ಟರ್ಕಿಗೆ ಹೋಗುವಾಗ ಆಂಟಿಕ್ ಆಯಿತು. ಅದು ಹೊಸ ಹಡಗು ಅಲ್ಲ, ಪಟ್ಟಿಯಲ್ಲಿ ಬೇರೆ ಸಾಲು ಕೊಡಬೇಡಿ.

ಹಡಗುಗಳ ಜಾಡು ತೋರಿಸುವ ಆ್ಯಪ್‌ಗಳ ಬಗ್ಗೆ ಎಚ್ಚರ. ಆ ಆ್ಯಪ್‌ಗಳಿಗೆ ಮಾಹಿತಿ ಬರುವುದು ಎಐಎಸ್‌ನಿಂದ, ಅಂದರೆ ಹಡಗು ತನ್ನ ಗುರುತು ಮತ್ತು ಜಾಗವನ್ನು ರೇಡಿಯೊದಲ್ಲಿ ಸಾರುವ ಯಂತ್ರದಿಂದ. ಅದರಲ್ಲಿ ಹೆಸರು, ಐಎಂಒ ಸಂಖ್ಯೆ ಎರಡನ್ನೂ ಯಾರೋ ಕೈಯಿಂದ ತುಂಬಿಸಿರುತ್ತಾರೆ. ಹೆಸರಿಗೆ 20 ಅಕ್ಷರ ಮಾತ್ರ ಜಾಗ. ಬದಲಾದ ಹೆಸರು ಯಂತ್ರಕ್ಕೆ ಬರಲು ತಡವಾದರೆ ಮೂತಿಯಲ್ಲಿ ಒಂದು ಹೆಸರು, ಪರದೆಯಲ್ಲಿ ಇನ್ನೊಂದು. ಹಡಗಿನ ರೇಡಿಯೊಗೆ ಕೊಡುವ 9 ಅಂಕಿಯ ಎಂಎಂಎಸ್‌ಐ ಸಂಖ್ಯೆಯನ್ನು ಗುರುತಾಗಿ ಬಳಸಲೇಬೇಡಿ. ಅದರ ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 419, ಬರ್ಮುಡಾಕ್ಕೆ 310. ಧ್ವಜ ಬದಲಾದರೆ ಅದೂ ಬದಲಾಗುತ್ತದೆ.

ಧ್ವಜಕಂಬ:

ಬಂದರುಬದಿಯವರ ಮಾತಿಗೆ ಒಂದು ಸೇರ್ಪಡೆ. ಹೆಸರು ಬದಲಿಸುವುದೆಂದರೆ ಬಣ್ಣದ ಡಬ್ಬಿಯ ಕೆಲಸ ಅಲ್ಲ. ನೋಂದಣಿ ಪತ್ರ, ಸುರಕ್ಷತಾ ಪತ್ರಗಳು, ರೇಡಿಯೊ ಲೈಸೆನ್ಸ್ ಎಲ್ಲ ಹೊಸದಾಗಬೇಕು. ಧ್ವಜವೂ ಬದಲಾದರೆ ಆಪತ್ತಿನ ಸಂಕೇತ ಕಳಿಸುವ ಬೀಕನ್ನಿಗೆ ಹೊಸ ಕೋಡ್ ಹಾಕಿಸಬೇಕು. ಜೊತೆಗೆ ಅಂತರರಾಷ್ಟ್ರೀಯ ಪ್ರಯಾಣದ ಪ್ರತಿ ಪ್ರಯಾಣಿಕ ಹಡಗಿನಲ್ಲೂ ನಿರಂತರ ಸಾರಾಂಶ ದಾಖಲೆ ಅಂತ ಒಂದು ಕಡತ ಇರಬೇಕು, ಅದೂ 2004ರ ಜುಲೈಯಿಂದ ಕಡ್ಡಾಯ. ಹೆಸರು, ಧ್ವಜ, ಮಾಲೀಕರು ಬದಲಾದಂತೆಲ್ಲ ದಿನಾಂಕದ ಸಮೇತ ಅದರಲ್ಲಿ ಸೇರುತ್ತಾ ಹೋಗುತ್ತದೆ. ಹಡಗು ಮಾರಿದರೂ ಕಡತ ಹಡಗಿನಲ್ಲೇ. ನಮ್ಮ ಮ್ಯುಟೇಶನ್ ರಿಜಿಸ್ಟರ್ ಇದ್ದ ಹಾಗೆ. ಹೊರಗಿನವರ ಕೈಗೆ ಸಿಗದು, ಆದರೆ ನಿಮ್ಮ ಪಟ್ಟಿ ಅದರ ಮಾದರಿಯಲ್ಲೇ ಇರಬೇಕು. ಒಂದು ಐಎಂಒ ಸಂಖ್ಯೆಯ ಕೆಳಗೆ ಹಲವು ಸಾಲು, ಪ್ರತಿ ಸಾಲಿಗೆ ಹೆಸರು, ಎಂದಿನಿಂದ, ಎಂದಿನವರೆಗೆ. ಈಗಿನಂತೆ ಒಂದು ಹೆಸರಿಗೆ ಒಂದು ಸಾಲು ಇಟ್ಟರೆ ಮುಂದಿನ ಹಡಗಿನಲ್ಲೂ ಇದೇ ಗೋಳು.

ವರ್ಷ ಮಾತ್ರ ಬರೆಯಬೇಡಿ, ತಿಂಗಳೂ ಇರಲಿ. 1996ರ ಗ್ಯಾಲಕ್ಸಿ, 9106297, ಮೈನ್ ಶಿಫ್ 1 ಆಗಿತ್ತು. 2018ರಲ್ಲಿ ಅದು ಮರೆಲ್ಲಾ ಎಕ್ಸ್‌ಪ್ಲೋರರ್ ಆಯಿತು, ಅದೇ ವರ್ಷ ಹೊಸ ಹಡಗೊಂದು ಮೈನ್ ಶಿಫ್ 1 ಆಯಿತು. "ಮೈನ್ ಶಿಫ್ 1, 2018" ಅಂತ ಬರೆದರೆ ಯಾವುದು ಅಂತ ಹೇಳುವವರಾರು? ಮರುವರ್ಷ ಮೈನ್ ಶಿಫ್ 2 ಹೆಸರಿನಲ್ಲೂ ಇದೇ ಆಯಿತು.

ನಾಮಕರಣ ಸಮಾರಂಭದ ದಿನವನ್ನು ಹೆಸರು ಶುರುವಾದ ದಿನ ಅಂತ ಹಾಕಬೇಡಿ. ಸಮಾರಂಭ ಪ್ರಚಾರಕ್ಕೆ, ಎಷ್ಟೋ ಸಲ ಹಡಗು ಆ ಹೊತ್ತಿಗೆ ಅದೇ ಹೆಸರಿನಲ್ಲಿ ಓಡಾಡುತ್ತಿರುತ್ತದೆ. ಯಾರ್ಡ್ ಹಸ್ತಾಂತರಿಸಿದ ದಿನ ಅಥವಾ ನೋಂದಣಿಯ ದಿನ ಹಿಡಿಯಿರಿ.

ಪಟ್ಟಿಗಾರ:

ಸರಿ, ಪಟ್ಟಿಯನ್ನು ಸಂಖ್ಯೆಯ ಕೆಳಗೆ ತಿರುಗಿಸಿ ಬರೆಯುತ್ತಿದ್ದೇನೆ. ಒಂದು ತೊಡಕು: ಮುಂಬೈಯಿಂದ ಓಡುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಒಂದೇ ಸಂಖ್ಯೆಯ ಕೆಳಗೆ ಎಂಪ್ರೆಸ್ ಅಂತ ಎರಡು ಸಲ, ಎಂಪ್ರೆಸ್ ಆಫ್ ದ ಸೀಸ್ ಅಂತ ಎರಡು ಸಲ ಬರುತ್ತಿದೆ. ಇದು ನನ್ನ ತಪ್ಪೇ?

ಹಳೇಲಂಗರು:

ತಪ್ಪಲ್ಲ, ಹಾಗೇ ಬಿಡಿ. ಅದು ತಿರುಗುಮುರುಗು ಪ್ರಕರಣ, ಹಡಗು ಒಂದೇ. ಐಎಂಒ 8716899, ಫ್ರಾನ್ಸಿನಲ್ಲಿ ಕಟ್ಟಿದ್ದು, 1990ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಯ ನಾರ್ಡಿಕ್ ಎಂಪ್ರೆಸ್. 2004ರಲ್ಲಿ ಎಂಪ್ರೆಸ್ ಆಫ್ ದ ಸೀಸ್, 2008ರಲ್ಲಿ ಸ್ಪೇನಿನ ಪುಲ್‌ಮಂತೂರ್ ಬಳಿ ಎಂಪ್ರೆಸ್, 2016ರಲ್ಲಿ ಮತ್ತೆ ರಾಯಲ್ ಕೆರಿಬಿಯನ್‌ಗೆ ಬಂದು ಎಂಪ್ರೆಸ್ ಆಫ್ ದ ಸೀಸ್, 2021ರಿಂದ ಕಾರ್ಡೀಲಿಯಾದಲ್ಲಿ ಎಂಪ್ರೆಸ್. ಐದು ಸಾಲು ಬರೆಯಿರಿ, ಒಂದೇ ಹೆಸರು ಅಂತ ಸೇರಿಸಿ ಮೂರು ಮಾಡಬೇಡಿ. ಸೇರಿಸಿದರೆ 2008ರಿಂದ 2016ರ ನಡುವೆ ಆ ಹಡಗಿನ ಹೆಸರೇನಿತ್ತು ಅನ್ನುವುದಕ್ಕೆ ನಿಮ್ಮ ಪಟ್ಟಿ ಎರಡು ಉತ್ತರ ಕೊಡುತ್ತದೆ. ನಾರ್ವೀಜಿಯನ್ ಸ್ಕೈ ಬಂದರೆ ಅದಕ್ಕೂ ಹೀಗೇ ಮಾಡಿ: 1999ರಲ್ಲಿ ಆ ಹೆಸರು, 2004ರಿಂದ ಪ್ರೈಡ್ ಆಫ್ ಅಲೋಹಾ, 2008ರಲ್ಲಿ ಮತ್ತೆ ನಾರ್ವೀಜಿಯನ್ ಸ್ಕೈ.